ಅರ್ಧ ಕಟ್ಟಿದ ಹಲ್ಲು

ಬೆಂಗಳೂರಿನವರು ಹಲ್ಲಿನ ಡಾಕ್ಟರನ್ನು ಬದಲಿಸಬೇಕೆಂದರೆ ರಸ್ತೆ ದಾಟಿದರೆ ಸಾಕು. ಕೈಗಾ ಅಣುಸ್ಥಾವರದ ಕಾಲೊನಿಯಲ್ಲಿರುವ ನಾವು ಊರನ್ನೇ ಬದಲಿಸಬೇಕು. ಮಲ್ಲಾಪುರದ ಟೌನ್‌ಶಿಪ್ಪಿನಲ್ಲಿ ಬಸ್ಸು ಹತ್ತಿ, ಕೆರವಡಿ ದಾಟಿ, ಕಾಳಿ ನದಿಯ ಮಗ್ಗುಲಲ್ಲೇ ಇಳಿದು ಕಾರವಾರ ಮುಟ್ಟುವಷ್ಟರಲ್ಲಿ ಅರ್ಧ ಬೆಳಗು ಮುಗಿದಿರುತ್ತದೆ. ಅಲ್ಲಿ ಕೆಲಸ ಆಗದಿದ್ದರೆ ಅಂಕೋಲೆ. ಅಲ್ಲೂ ಆಗದಿದ್ದರೆ ಉತ್ತರಕ್ಕೆ ಗೋವಾ, ದಕ್ಷಿಣಕ್ಕೆ ಮಣಿಪಾಲ, ಘಟ್ಟ ಹತ್ತಿದರೆ ಹುಬ್ಬಳ್ಳಿ, ಧಾರವಾಡ. ನಮ್ಮ ಜಿಲ್ಲೆಯ ಕಾಯಿಲೆಗಳೆಲ್ಲ ಈ ಮೂರು ದಿಕ್ಕಿನ ರಸ್ತೆಗಳ ಮೇಲೇ ಓಡಾಡುತ್ತವೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸು ಬೈಂದೂರು ಹತ್ತಿರದ ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ಜೀವಗಳು ಹೋದಾಗ, ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಇಡೀ ಜಿಲ್ಲೆ ಕೂಗಿತು. ಹಲ್ಲಿನಿಂದ ಯಾರೂ ಸಾಯುವುದಿಲ್ಲ ಎಂದು ಅದನ್ನು ಆ ಕೂಗಿನಲ್ಲಿ ಯಾರೂ ಸೇರಿಸಲಿಲ್ಲ. ಆದರೆ ಹಲ್ಲು ಕೂಡ ಅದೇ ರಸ್ತೆಯಲ್ಲೇ ಹೋಗಬೇಕು.

ನನ್ನ ಕೆಳದವಡೆಯ ಬಲಗಡೆಯ ದೊಡ್ಡ ಹಲ್ಲು, ಬಹಳ ವರ್ಷಗಳ ಹಿಂದೆ ರೂಟ್ ಕೆನಾಲ್ ಮಾಡಿಸಿದ್ದು, 2024ರ ಆರಂಭದಲ್ಲಿ ಉದ್ದಕ್ಕೆ ಸೀಳಿತು. ಕೀಳಿಸದೆ ಬೇರೆ ದಾರಿ ಇರಲಿಲ್ಲ. ಆ ಜಾಗಕ್ಕೆ ಏನು ಮಾಡುವುದೆಂದು ಕಾರವಾರದ ಡಾಕ್ಟರು ನಿಧಾನವಾಗಿ ಕೂರಿಸಿ ಹೇಳಿದರು. ತೆಗೆದು ಹಾಕುವ ಹಲ್ಲು ಕಡಿಮೆ ಖರ್ಚಿನದು, ಆದರೆ ದಿನವೂ ತೆಗೆದು ತೊಳೆಯಬೇಕು. ಬ್ರಿಜ್ ಹಾಕಿದರೆ ಬೇಗ ಮುಗಿಯುತ್ತದೆ, ಆದರೆ ಅಕ್ಕಪಕ್ಕದ ಎರಡು ಗಟ್ಟಿ ಹಲ್ಲುಗಳನ್ನು ತೇಯಬೇಕು. ಮೂರನೆಯದು ಇಂಪ್ಲಾಂಟ್. ದವಡೆಯ ಎಲುಬಿನೊಳಗೆ ಟೈಟೇನಿಯಂ ಸ್ಕ್ರೂ ಕೂರಿಸಿ, ಎಲುಬು ಅದನ್ನು ಹಿಡಿದುಕೊಳ್ಳುವವರೆಗೆ ಕಾದು, ಮೇಲೆ ಹಲ್ಲು ಕಟ್ಟುವುದು. ಏನೂ ತಪ್ಪು ಮಾಡದ ಎರಡು ಹಲ್ಲುಗಳನ್ನು ತೇಯಿಸಲು ಮನಸ್ಸು ಬರಲಿಲ್ಲ. ಇಂಪ್ಲಾಂಟ್ ಎಂದೆ.

ಈ ಚಿಕಿತ್ಸೆಯ ಮೂಲವೇ ಸ್ವಾರಸ್ಯದ್ದು. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬವರು 1950ರ ದಶಕದಲ್ಲಿ ಮೊಲದ ಕಾಲಿನ ಎಲುಬಿನಲ್ಲಿ ರಕ್ತ ಹೇಗೆ ಹರಿಯುತ್ತದೆಂದು ನೋಡಲು ಟೈಟೇನಿಯಂನ ಪುಟ್ಟ ಉಪಕರಣವೊಂದನ್ನು ಒಳಗಿಟ್ಟಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲೇ ಇಲ್ಲ. ಎಲುಬು ಲೋಹವನ್ನು ತನ್ನದೆಂದು ಒಪ್ಪಿಕೊಂಡು ಸುತ್ತ ಬೆಳೆದುಬಿಟ್ಟಿತ್ತು. 1965ರಲ್ಲಿ ಅವರು ಯೋಸ್ಟಾ ಲಾರ್ಸನ್ ಎಂಬ ರೋಗಿಯ ಕೆಳದವಡೆಗೆ ಅಂಥ ಸ್ಕ್ರೂಗಳನ್ನು ಹಾಕಿದರು. ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ, ನಲವತ್ತು ವರ್ಷಕ್ಕೂ ಹೆಚ್ಚು ಕಾಲ, ಅವು ಹಾಗೇ ಇದ್ದವು. ಇದನ್ನು ಓದಿದಾಗಿನಿಂದ ಒಂದು ವಿಚಾರ ನನ್ನ ತಲೆಯಲ್ಲಿ ಕೂತಿದೆ. ಸ್ಕ್ರೂ ನಲವತ್ತು ವರ್ಷ ಬಾಳುವುದಾದರೆ ಅದನ್ನು ಹಾಕಿದ ಡಾಕ್ಟರು ನಲವತ್ತು ವರ್ಷ ನಮ್ಮ ಕೈಗೆ ಸಿಗುತ್ತಾರೆಯೇ? ಅವರು ನಿವೃತ್ತರಾಗುತ್ತಾರೆ, ಮಕ್ಕಳಿದ್ದಲ್ಲಿಗೆ ಹೋಗುತ್ತಾರೆ. ನಾವಾದರೂ ಇಲ್ಲೇ ಇರುತ್ತೇವೆಯೇ? ಅಣುಸ್ಥಾವರದ ಮನೆಗಳಿಗೆ ವರ್ಗಾವಣೆ ಯಾವಾಗ ಬೇಕಾದರೂ ಬರಬಹುದು. ನಮ್ಮ ಕಾಲೊನಿಯಿಂದ ರಾವತ್‌ಭಾಟಾಕ್ಕೆ, ಕಾಕ್ರಾಪಾರಕ್ಕೆ, ಕೂಡಂಕುಳಂಗೆ ಸಾಮಾನು ಕಟ್ಟಿದವರಿದ್ದಾರೆ. ಅಂದಮೇಲೆ ಇಂಪ್ಲಾಂಟ್ ಹಾಕಿಸಿಕೊಂಡ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಡಾಕ್ಟರನ್ನು ಬದಲಿಸುವವರೇ. ನನಗೆ ಆ ದಿನ ಹಲ್ಲು ಕಟ್ಟುವ ಮೊದಲೇ ಬಂತು.

ನಮ್ಮ ಕಡೆಯ ಸಣ್ಣ ಊರುಗಳ ಕ್ಲಿನಿಕ್ಕುಗಳಲ್ಲಿ ಒಂದು ಪದ್ಧತಿಯಿದೆ. ಕ್ಲಿನಿಕ್ಕಿನ ಡಾಕ್ಟರು ಹಲ್ಲು ಕೀಳುತ್ತಾರೆ, ತುಂಬುತ್ತಾರೆ, ಕ್ಯಾಪ್ ಹಾಕುತ್ತಾರೆ. ಇಂಪ್ಲಾಂಟಿಗೆ, ವಕ್ರಹಲ್ಲಿಗೆ ತಂತಿ ಕಟ್ಟುವುದಕ್ಕೆ ಬೇರೆ ಊರಿನ ತಜ್ಞರು ವಾರಕ್ಕೋ ತಿಂಗಳಿಗೋ ಒಮ್ಮೆ ಬರುತ್ತಾರೆ. ಜನ ಅವರನ್ನು ‘ವಿಸಿಟಿಂಗ್ ಡಾಕ್ಟರು’ ಎನ್ನುತ್ತಾರೆ. ಪದ್ಧತಿ ಒಳ್ಳೆಯದೇ. ಅದಿಲ್ಲದಿದ್ದರೆ ನಾನು ಪ್ರತಿ ಸಲವೂ ಮಣಿಪಾಲಕ್ಕೆ ಹೋಗಬೇಕಿತ್ತು. ಮೇ ತಿಂಗಳ ಒಂದು ಭಾನುವಾರ ಉಡುಪಿಯ ಕಡೆಯ ತಜ್ಞರು ಬಂದು ಸ್ಕ್ರೂ ಕೂರಿಸಿದರು. ನೋವೇನೂ ಆಗಲಿಲ್ಲ, ಹಲ್ಲು ಕೀಳಿಸಿದ ದಿನವೇ ಇದಕ್ಕಿಂತ ಹೆಚ್ಚು ನೋವಿತ್ತು. ವಸಡಿನ ಮೇಲೆ ಅಂಗಿಯ ಗುಂಡಿಗಿಂತ ಚಿಕ್ಕದಾದ, ನಾಲಿಗೆಗೆ ತಣ್ಣಗೆ ತಾಗುವ ಲೋಹದ ಮುಚ್ಚಳವೊಂದು ಉಳಿಯಿತು. ಕೆಳದವಡೆಯ ಎಲುಬು ಗಟ್ಟಿ, ಮೂರು ತಿಂಗಳು ಸಾಕು, ಆಗಸ್ಟಿನಲ್ಲಿ ಅಳತೆ ತೆಗೆದು ಹಲ್ಲು ಕಟ್ಟುತ್ತೇನೆ ಎಂದರು.

ಆ ಮಳೆಗಾಲವನ್ನು ನಮ್ಮ ಜಿಲ್ಲೆಯವರಾರೂ ಮರೆಯಲಾರರು. ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದ ಅಂಗಡಿ, ಲಾರಿ, ಮನುಷ್ಯರನ್ನು ಗಂಗಾವಳಿಗೆ ನೂಕಿತು. ವಾರಗಟ್ಟಲೆ ರಸ್ತೆ ಬಂದ್. ರಸ್ತೆ ತೆರೆಯಿತೆನ್ನುವಷ್ಟರಲ್ಲಿ ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೆಯ ಕಾಳಿ ಸೇತುವೆ ಲಾರಿಯ ಸಮೇತ ಹೊಳೆಗೆ ಕುಸಿಯಿತು. ಮನೆಯವರನ್ನು ಕಳೆದುಕೊಂಡವರ ಸಂಕಟದ ಎದುರು ಹಲ್ಲಿನ ಮಾತನ್ನು ಎತ್ತಲೂ ಬಾರದು, ನಾನು ಆಗ ಎತ್ತಲೂ ಇಲ್ಲ. ತಜ್ಞರು ಬರಲಿಲ್ಲ ಎಂದರೆ ಬರಲಿಲ್ಲ, ಅಷ್ಟೆ. ಮೀನುಗಾರಿಕೆಯ ನಿಷೇಧದ ಕಾಲ ಬೇರೆ. ಒಣಮೀನು ಸುಟ್ಟು ಗಂಜಿ ಉಣ್ಣುವ ದಿನಗಳಲ್ಲಿ ನಾನು ಎಡಗಡೆಯೊಂದರಲ್ಲೇ ಅಗಿಯುತ್ತ ಕಳೆದೆ.

ತೊಡಕು ಶುರುವಾದದ್ದು ರಸ್ತೆಗಳು ಸರಿಯಾದ ಮೇಲೆ. ಚೌತಿ ಆಯಿತು, ದಸರೆ ಆಯಿತು. ಫೋನ್ ಮಾಡಿದಾಗಲೆಲ್ಲ ‘ಮುಂದಿನ ವಾರ ಬರ್ತಾರೆ ಮೇಡಂ’ ಎಂಬ ಉತ್ತರ. ಬರುವುದು ಏಕೆ ತಪ್ಪುತ್ತಿದೆ ಎಂದು ಕೇಳಿದರೆ ಒಂದೊಂದು ಸಲ ಒಂದೊಂದು ಕಾರಣ. ಅಷ್ಟರಲ್ಲಿ ಲೋಹದ ಮುಚ್ಚಳ ಸಡಿಲವಾಯಿತು. ನಾಲಿಗೆ ತಾಗಿದರೆ ಅಲ್ಲಾಡುತ್ತಿತ್ತು, ಅನ್ನದ ಅಗುಳು ಅಡಿಗೆ ಸೇರಿ ವಾಸನೆ ಬರತೊಡಗಿತು. ಕಾರವಾರಕ್ಕೆ ಹೋದೆ. ಕ್ಲಿನಿಕ್ಕಿನ ಡಾಕ್ಟರು ನೋಡಿ, ತೊಳೆದು, ಇದನ್ನು ಬಿಗಿ ಮಾಡುವ ಡ್ರೈವರ್ ತಮ್ಮಲ್ಲಿಲ್ಲ ಎಂದರು. ಆ ಸ್ಕ್ರೂಗೆ ಸರಿಹೊಂದುವ ಉಪಕರಣಗಳ ಪೆಟ್ಟಿಗೆ ಇಡಿಯಾಗಿ ತಜ್ಞರದು. ಅವರು ಬರುವಾಗ ತರುತ್ತಾರೆ, ಹೋಗುವಾಗ ಒಯ್ಯುತ್ತಾರೆ. ನನ್ನ ಬಾಯೊಳಗಿನ ವಸ್ತುವಿನ ಕೀಲಿಕೈ ಇನ್ನೊಂದು ಜಿಲ್ಲೆಯಲ್ಲಿತ್ತು.

ಮನೆಯಲ್ಲಿ ಚರ್ಚೆ ಎದ್ದಿತು. ಅತ್ತೆಯವರು ಅಂಕೋಲೆಯವರು, ಕವಳದ ಸಂಚಿ ಬಿಟ್ಟು ಕದಲದವರು, ಈಗ ಎರಡೂ ದವಡೆಗೆ ಸೆಟ್ಟು ಹಾಕಿಸಿಕೊಂಡವರು. “ಅರ್ಧ ಮಾಡಿದ್ ಕೆಲಸ ಇನ್ನೊಬ್ರ ಕೈಗೆ ಕೊಡೂಕಾಗ ತಂಗಿ, ಹಾಳಾದ್ರೆ ಇಬ್ರೂ ಕೈಯೆತ್ತುರು” ಎಂದರು. ಆ ಮಾತು ಸುಳ್ಳಲ್ಲ. ಮೊದಲನೆಯವರು ‘ಅವರು ಮುಟ್ಟಿದ್ದಕ್ಕೆ ಹಾಳಾಯಿತು’ ಎನ್ನಬಹುದು, ಎರಡನೆಯವರು ‘ಅಡಿಪಾಯವೇ ಸರಿಯಿರಲಿಲ್ಲ’ ಎನ್ನಬಹುದು. ಕಾಲೊನಿಯ ಗೆಳತಿಯೊಬ್ಬಳು, ಗೋವಾಕ್ಕೆ ಹೋಗು, ಹೊಸದಾಗಿ ಎಲ್ಲ ಮಾಡಿಸು ಎಂದಳು. ಇನ್ನೊಬ್ಬರು, ಮೂರೇ ದಿನಕ್ಕೆ ಹಲ್ಲು ಎಂಬ ಜಾಹೀರಾತನ್ನು ಮೊಬೈಲಿಗೆ ಕಳಿಸಿದರು. ಬೇಗ ಹಲ್ಲು ಕಟ್ಟುವ ವಿಧಾನ ನಿಜವಾಗಿಯೂ ಇದೆ. ಅದು ಎಲ್ಲ ದವಡೆಗೂ ಹೊಂದುವುದಿಲ್ಲ, ಎಲುಬು ನೋಡದೆ ಫೋನಿನಲ್ಲೇ ಹೊಂದುತ್ತದೆ ಎಂದವರನ್ನು ನಾನು ನಂಬುವುದಿಲ್ಲ.

ಇವೆಲ್ಲಕ್ಕಿಂತ ಭಾರವಾದದ್ದು ದಾಕ್ಷಿಣ್ಯ. ನಗರದಲ್ಲಿ ಡಾಕ್ಟರನ್ನು ಬಿಟ್ಟರೆ ಮತ್ತೆ ಮುಖ ನೋಡುವ ಪ್ರಸಂಗ ಬಾರದು. ಇಲ್ಲಿ ಹಾಗಿಲ್ಲ. ಮೀನುಪೇಟೆಯಲ್ಲಿ, ಬಂಡಿಹಬ್ಬದಲ್ಲಿ, ಮದುವೆಯ ಪಂಕ್ತಿಯಲ್ಲಿ ಎದುರಾಗುತ್ತಾರೆ. ನನ್ನ ಮಗನ ಹಾಲುಹಲ್ಲು ಕಿತ್ತವರು ಇವರೇ, ರಾತ್ರಿ ಹಲ್ಲುನೋವೆಂದು ಫೋನ್ ಮಾಡಿದಾಗ ಮಾತ್ರೆ ಹೇಳಿದವರೂ ಇವರೇ. ಅವರನ್ನು ಬಿಟ್ಟು ಹೋದರೆ ಅವರ ಮೇಲೆ ತಪ್ಪು ಹೊರಿಸಿದಂತೆ ಆಗುತ್ತದಲ್ಲ ಎಂಬ ಸಂಕೋಚ. ನಮ್ಮ ಜನ ಅರ್ಧಕ್ಕೆ ನಿಂತ ಚಿಕಿತ್ಸೆಯನ್ನು ವರ್ಷಗಟ್ಟಲೆ ಹೊತ್ತುಕೊಂಡಿರುವುದಕ್ಕೆ ದುಡ್ಡಿನಷ್ಟೇ ದೊಡ್ಡ ಕಾರಣ ಈ ಸಂಕೋಚ ಎಂದು ನಾನು ನಂಬಿದ್ದೇನೆ.

ದಾರಿ ತೋರಿಸಿದ್ದು ನಮ್ಮನೆಯವರ ಕೆಲಸ. ಅವರು ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಶಿಫ್ಟ್ ಮಾಡುವವರು. ಕೈಗಾದ ಮೊದಲನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ ಒಮ್ಮೆಯೂ ನಿಲ್ಲದೆ 962 ದಿನ ಓಡಿ, ಬ್ರಿಟನ್ನಿನ ಹೇಶಮ್ ಘಟಕದ 940 ದಿನಗಳ ದಾಖಲೆಯನ್ನು ಮುರಿಯಿತು. ಆ ದಿನಗಳ ಸಂಭ್ರಮ ನಮ್ಮ ಟೌನ್‌ಶಿಪ್ಪಿನ ಮಕ್ಕಳಿಗೂ ಗೊತ್ತು. “ಅಷ್ಟು ದಿನ ಅದನ್ನ ಒಬ್ಬರೇ ನಡೆಸಿದರೇನು?” ಎಂದು ಅವರು ಕೇಳಿದರು. “ದಿನಕ್ಕೆ ಮೂರು ಸಲ ಕೈ ಬದಲಾಗಿದೆ. ಬರುವವನು ಲಾಗ್ ಬುಕ್ ಓದಿ, ಕೇಳುವುದೆಲ್ಲ ಕೇಳಿ, ಚಾರ್ಜ್ ತಗೊಂಡ ಮೇಲೇ ಇದ್ದವನು ಏಳುವುದು. ಕೈ ಬದಲಾಗುವುದರಿಂದ ಏನೂ ಕೆಡುವುದಿಲ್ಲ. ಬರೆದಿಡದೆ ಬದಲಾದರೆ ಕೆಡುತ್ತದೆ. ನಿನ್ನ ಹಲ್ಲಿನ ಲಾಗ್ ಬುಕ್ ಎಲ್ಲಿದೆ?”

ಫೈಲು ತೆಗೆದು ನೋಡಿದೆ. ದುಡ್ಡು ಕಟ್ಟಿದ ರಸೀದಿಯಲ್ಲಿ ‘ಇಂಪ್ಲಾಂಟ್ – 1’ ಎಂದಿತ್ತು. ಜೊತೆಗೊಂದು ಎಕ್ಸ್‌ರೇ, ಮಾತ್ರೆ ಬರೆದ ಚೀಟಿ. ಮುಗಿಯಿತು.

ಅಂಕೋಲೆಯಲ್ಲಿ ಅತ್ತೆಯವರ ಸೆಟ್ಟು ಮಾಡಿದ ಡಾಕ್ಟರ ಹತ್ತಿರ ಹೋದೆ. ಎರಡನೇ ಅಭಿಪ್ರಾಯಕ್ಕೆ ಬಂದಿದ್ದೇನೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಅವರು ಎಕ್ಸ್‌ರೇ ತೆಗೆದು ಪರದೆಯ ಮೇಲೆ ತೋರಿಸಿದರು. ಬೂದುಬಣ್ಣದ ಎಲುಬಿನ ನಡುವೆ ಬೆಳ್ಳಗೆ ಹೊಳೆಯುವ ಸ್ಕ್ರೂ, ಎಳೆ ಎಳೆಯಾಗಿ ಅದರ ಸುತ್ತು. ಎಲುಬಿಗೂ ಸ್ಕ್ರೂಗೂ ನಡುವೆ ಕಪ್ಪು ಗೆರೆಯಿಲ್ಲ, ಅಂದರೆ ಹಿಡಿದುಕೊಂಡಿದೆ ಎಂದರು. “ಕೂರಿಸಿದವರು ಚೆನ್ನಾಗಿ ಕೂರಿಸಿದ್ದಾರೆ. ಇದನ್ನು ತೆಗೆದು ಹೊಸದು ಹಾಕಬೇಕು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.” ಇನ್ನೊಬ್ಬ ಡಾಕ್ಟರ ಕೆಲಸವನ್ನು ಹೀಗೆ ಮನಸ್ಸು ಬಿಚ್ಚಿ ಮೆಚ್ಚಿದ್ದನ್ನು ಕೇಳಿ ಅವರ ಮೇಲೆ ನನಗೆ ಭರವಸೆ ಬಂತು. ಹಿಂದಿನವರನ್ನು ಬೈದು ಮಾತು ಶುರುಮಾಡುವ ಡಾಕ್ಟರಲ್ಲಿ ನನಗೆ ಅಂಥ ಭರವಸೆ ಹುಟ್ಟುವುದಿಲ್ಲ.

ಆಮೇಲೆ ಅವರು ವಿವರಿಸಿದ್ದು ಇಂಪ್ಲಾಂಟ್ ಮಾಡಿಸುವವರೆಲ್ಲ ತಿಳಿದಿರಬೇಕಾದದ್ದು. ಸ್ವಿಟ್ಜರ್ಲೆಂಡಿನ ಸ್ಟ್ರಾಮನ್, ಸ್ವೀಡನ್ನಿನಲ್ಲಿ ಹುಟ್ಟಿದ ನೊಬೆಲ್ ಬಯೋಕೇರ್, ಕೊರಿಯಾದ ಓಸ್ಟೆಮ್, ಹೀಗೆ ಈ ಸ್ಕ್ರೂ ಮಾಡುವ ಕಂಪನಿಗಳು ಹಲವು. ಒಂದೊಂದರ ಒಳಮೈ ಒಂದೊಂದು ತರಹ. ಸ್ಕ್ರೂ ಮತ್ತು ಹಲ್ಲಿನ ನಡುವೆ ಕೂರುವ ಅಬಟ್‌ಮೆಂಟ್ ಎಂಬ ತುಂಡು ಅದೇ ಕಂಪನಿಯ ಅದೇ ಅಳತೆಗೆ ಹೊಂದಬೇಕು. ಕೂದಲೆಳೆಯಷ್ಟು ಸಂದು ಉಳಿದರೂ ಒಳಗೆ ಕೊಳೆ ಸೇರುತ್ತದೆ, ಸಣ್ಣ ಸ್ಕ್ರೂ ಮತ್ತೆ ಮತ್ತೆ ಸಡಿಲವಾಗುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಎಕ್ಸ್‌ರೇಯಲ್ಲಿ ಆಕಾರ ನೋಡಿ ಕಂಪನಿಯನ್ನು ಊಹಿಸಬಹುದು. “ಊಹೆಯ ಮೇಲೆ ನಿಮ್ಮ ಹಲ್ಲು ಕಟ್ಟುವುದಿಲ್ಲ” ಎಂದರು. ಪ್ರತಿ ಸ್ಕ್ರೂವಿನ ಪೊಟ್ಟಣದಲ್ಲೂ ಕಿತ್ತು ಅಂಟಿಸುವ ಸ್ಟಿಕರ್ ಇರುತ್ತದಂತೆ. ಕಂಪನಿ, ದಪ್ಪ, ಉದ್ದ, ಲಾಟ್ ನಂಬರು ಎಲ್ಲ ಅದರಲ್ಲಿ. ಅದು ರೋಗಿಯ ಫೈಲಿಗಾಗಿಯೇ ಇರುವುದು. “ಅದನ್ನ ತನ್ನಿ. ಆಮೇಲೆ ಇಲ್ಲಿ ಮಾಡಿಸ್ತೀರೋ ಅಲ್ಲೇ ಮಾಡಿಸ್ತೀರೋ ನಿಮ್ಮಿಷ್ಟ.” ಅವಸರವೇನಿಲ್ಲ ಎಂದೂ ಹೇಳಿದರು. ಎಲುಬಿನಲ್ಲಿ ಭದ್ರವಾಗಿ ಕೂತ ಸ್ಕ್ರೂ ಕೆಲವು ತಿಂಗಳು ಹೆಚ್ಚು ಕಾದರೂ ಕೆಡದು, ಆದರೆ ವರ್ಷಗಟ್ಟಲೆ ಬಿಟ್ಟರೆ ಎದುರಿನ ಮೇಲಿನ ಹಲ್ಲು ಖಾಲಿ ಜಾಗಕ್ಕೆ ಇಳಿಯುತ್ತದೆ, ಪಕ್ಕದ್ದು ವಾಲುತ್ತದೆ.

ಅಂಕೋಲೆಯಿಂದ ಮರಳುವ ಬಸ್ಸಿನಲ್ಲೇ ನನ್ನ ಮನಸ್ಸು ಒಂದು ನಿರ್ಧಾರಕ್ಕೆ ಬಂತು. ಬದಲಿಸಬೇಕೇ ಬೇಡವೇ ಎಂದು ಇನ್ನು ತಲೆ ಕೆಡಿಸಿಕೊಳ್ಳುವುದಿಲ್ಲ. ಮೊದಲು ದಾಖಲೆ ಕೇಳುತ್ತೇನೆ. ಕೇಳಿದಾಗ ಅವರು ಹೇಗೆ ನಡೆದುಕೊಳ್ಳುತ್ತಾರೋ ಅದೇ ಉತ್ತರ. ದಾಖಲೆ ಕೇಳುವುದು ಜಗಳವಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದನ್ನು ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ರಾಜ್ಯಗಳಿಗೆ ಕಳಿಸಿದೆ. ತನ್ನ ದಾಖಲೆಗಳ ಪ್ರತಿ ಪಡೆಯುವುದು, ಎರಡನೇ ಅಭಿಪ್ರಾಯ ಕೇಳುವುದು ಎರಡೂ ಅದರಲ್ಲಿ ಹಕ್ಕುಗಳೇ.

ಕಾರವಾರದ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತ ಹುಡುಗಿ ಸ್ಟಿಕರ್ ಎಂದರೆ ಏನೆಂದೇ ಗೊತ್ತಿಲ್ಲ ಎಂದಳು. ನನ್ನ ಫೈಲಿನಲ್ಲಿ ಅದು ಇರಲಿಲ್ಲ. ಡಾಕ್ಟರು ಹೊರಗೆ ಬಂದರು. ಅಂಕೋಲೆಯಲ್ಲಿ ತೋರಿಸಿದ್ದನ್ನು ಅವರಿಗೆ ಹೇಳಿದೆ. ಮುಖ ಒಂದು ಕ್ಷಣ ಬಾಡಿತು, ನನಗೂ ಕಷ್ಟವೆನಿಸಿತು. ಆದರೆ ಅವರು ಒಳಗೆ ಕರೆದು ಕೂರಿಸಿ, ನನ್ನೆದುರೇ ತಜ್ಞರಿಗೆ ಫೋನ್ ಹಚ್ಚಿದರು. ಆಗ ವಿಷಯ ಹೊರಬಂತು. ತಜ್ಞರು ಬೇರೆಡೆ ಕೆಲಸಕ್ಕೆ ಸೇರಿದ್ದರು, ಕಾರವಾರಕ್ಕೆ ಬರುವುದನ್ನು ನಿಲ್ಲಿಸಿದ್ದರು. ಸ್ಟಿಕರ್ ಅವರ ಸ್ವಂತ ನೋಟ್‌ಬುಕ್ಕಿನಲ್ಲಿತ್ತು. ಸಂಜೆಯೊಳಗೆ ಅದರ ಫೋಟೋ ವಾಟ್ಸಾಪಿನಲ್ಲಿ ಬಂತು. ಕೊರಿಯಾದ ಕಂಪನಿ, ದಪ್ಪ ನಾಲ್ಕೂವರೆ ಮಿಲಿಮೀಟರು, ಉದ್ದ ಹತ್ತು. ಡಾಕ್ಟರು ಅದನ್ನೆಲ್ಲ ತಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದು, ಯಾವ ದಿನ ಏನು ಮಾಡಿದ್ದೆಂದು ಸೇರಿಸಿ, ಸಹಿ ಹಾಕಿ ಕೊಟ್ಟರು. ಹಲ್ಲು ಕಟ್ಟಲು ಮುಂಗಡ ಕೊಟ್ಟಿದ್ದ ದುಡ್ಡನ್ನು ತಾವಾಗಿಯೇ ಮರಳಿಸಿದರು. “ಅಂಕೋಲೆಯಲ್ಲೇ ಮುಗಿಸಿಕೊಳ್ಳಿ, ಅವರಿಗೆ ಏನಾದರೂ ಕೇಳುವುದಿದ್ದರೆ ನನಗೇ ಫೋನ್ ಮಾಡಲಿ” ಎಂದರು.

‘ಬರುವುದಿಲ್ಲ’ ಎಂಬ ಮಾತನ್ನು ಚೌತಿಯ ಹೊತ್ತಿಗೇ ಹೇಳಿದ್ದರೆ ಎಷ್ಟು ಓಡಾಟ ತಪ್ಪುತ್ತಿತ್ತು ಎಂಬ ಬೇಸರ ನನಗೆ ಈಗಲೂ ಇದೆ. ರೋಗಿ ಕೈತಪ್ಪಿ ಹೋಗಬಾರದೆಂದು ‘ಮುಂದಿನ ವಾರ’ ಎನ್ನುತ್ತ ಹೋಗುವುದು ದೊಡ್ಡ ತಪ್ಪು. ಅದನ್ನು ತಪ್ಪೆಂದೇ ಹೇಳುತ್ತೇನೆ. ಆದರೂ ಆ ದಿನ ಅವರು ನಡೆದುಕೊಂಡ ರೀತಿಗೆ, ಮಗನ ಹಲ್ಲು ತೋರಿಸಲು ನಾವು ಇಂದಿಗೂ ಹೋಗುವುದು ಅವರಲ್ಲಿಗೇ.

ಅಂಕೋಲೆಯ ಡಾಕ್ಟರು ಅಬಟ್‌ಮೆಂಟನ್ನೂ ಡ್ರೈವರನ್ನೂ ಹುಬ್ಬಳ್ಳಿಯಿಂದ ತರಿಸಿದರು. ತಮ್ಮ ಜವಾಬ್ದಾರಿ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಮೊದಲೇ ಹೇಳಿದರು. ಮೇಲಿನ ಹಲ್ಲಿಗೆ, ಅಬಟ್‌ಮೆಂಟಿಗೆ ತಾವು ಹೊಣೆ, ಎಲುಬಿನೊಳಗಿನ ಸ್ಕ್ರೂಗೆ ತಾವು ಹೊಣೆಯಲ್ಲ, ಆದರೆ ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆದು ನೋಡುತ್ತೇನೆ ಎಂದರು. ಹೀಗೆ ಗೆರೆ ಎಳೆದು ಹೇಳಿದ್ದು ನನಗೆ ಹಿಡಿಸಿತು. ಎಲ್ಲಕ್ಕೂ ಗ್ಯಾರಂಟಿ ಎಂದಿದ್ದರೆ ಅನುಮಾನ ಬರುತ್ತಿತ್ತು. ಕೊನೆಯ ದಿನ ಪುಟ್ಟ ಟಾರ್ಕ್ ವ್ರೆಂಚಿನಿಂದ ಸ್ಕ್ರೂ ಬಿಗಿ ಮಾಡಿದಾಗ ಟಕ್ ಎಂಬ ಸದ್ದು ದವಡೆಯಲ್ಲೇ ಕೇಳಿಸಿತು. ಪಕ್ಕದಲ್ಲಿ ನಿಂತಿದ್ದ ನಮ್ಮನೆಯವರು ಎಷ್ಟು ಟಾರ್ಕ್ ಎಂದು ಕೇಳಿ, ಮೂವತ್ತು ನ್ಯೂಟನ್ ಸೆಂಟಿಮೀಟರ್ ಎಂಬುದನ್ನು ಅದೇ ಲೆಟರ್‌ಹೆಡ್ಡಿನ ಕೆಳಗೆ ತಾರೀಖಿನ ಸಮೇತ ಬರೆಸಿಕೊಂಡರು. ಈಗ ಬಲಗಡೆಯಲ್ಲೂ ಒಣಮೀನು ಅಗಿಯುತ್ತೇನೆ.

ನನ್ನಂತೆ ನಡುದಾರಿಯಲ್ಲಿ ನಿಂತವರು ಕೆಲವರು ಈಗ ನನ್ನನ್ನು ಕೇಳುತ್ತಾರೆ. ತಡವಾಗುತ್ತಿದೆ ಎಂಬ ಒಂದೇ ಕಾರಣಕ್ಕೆ ಬಿಡಬೇಡಿ ಎನ್ನುತ್ತೇನೆ. ಮೇಲ್ದವಡೆಯ ಎಲುಬು ಮೆದು, ಅಲ್ಲಿ ನಾಲ್ಕು, ಆರು ತಿಂಗಳು ಕಾಯಿಸುವುದು ಸರಿಯಾದ ವೈದ್ಯವೇ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ಬೀಡಿ, ತಂಬಾಕಿನ ಕವಳ ಬಿಡದವರಿಗೆ ಎಲುಬು ಕೂಡುವುದು ಇನ್ನೂ ತಡ, ಕೆಲವೊಮ್ಮೆ ಕೂಡುವುದೇ ಇಲ್ಲ. ಅಂಥಲ್ಲಿ ಡಾಕ್ಟರನ್ನು ಬದಲಿಸಿ ಉಪಯೋಗವಿಲ್ಲ. ಪಕ್ಕದ ಮನೆಯವರಿಗೆ ಬೇಗ ಆಯಿತು, ಇನ್ನೊಂದು ಕಡೆ ಐದು ಸಾವಿರ ಕಡಿಮೆ ಎಂಬುದೂ ಕಾರಣವಲ್ಲ. ಆದರೆ ಸ್ಕ್ರೂ ಅಲ್ಲಾಡಿದರೆ, ಕೀವು ಬಂದರೆ, ತುಟಿ ಜೋಮು ಹಿಡಿದು ಬಿಡದಿದ್ದರೆ, ಅದನ್ನು ಹೇಳಿದರೂ ನೋಡದಿದ್ದರೆ ಅಂದೇ ಇನ್ನೊಬ್ಬರಿಗೆ ತೋರಿಸಿ. ಕೇಳಿದ ಪ್ರಶ್ನೆಗೆ ಪ್ರತಿ ಸಲ ಬೇರೆ ಉತ್ತರ ಬಂದರೂ ತೋರಿಸಿ. ದಾಖಲೆ ಕೊಡುವುದಿಲ್ಲ ಎಂದರಂತೂ ಮತ್ತೆ ಯೋಚಿಸುವುದೇ ಬೇಡ, ಬದಲಿಸಿ.

ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರಗಳ ದಂತವೈದ್ಯರಲ್ಲಿ ನನ್ನದೊಂದು ಕೋರಿಕೆ. ಹೊರಗಿನ ತಜ್ಞರನ್ನು ಕರೆಸುವುದನ್ನು ನಿಲ್ಲಿಸಬೇಡಿ, ನಮಗೆ ಅದು ಬೇಕು. ಆದರೆ ಸ್ಕ್ರೂ ಕೂರಿಸಿದ ದಿನವೇ ಅದರ ಸ್ಟಿಕರನ್ನು ಒಂದು ಕಾರ್ಡಿಗೆ ಅಂಟಿಸಿ ರೋಗಿಯ ಕೈಗೆ ಕೊಡಿ. ತಜ್ಞರು ಬರುವುದು ನಿಂತರೆ ನಿಂತಿತೆಂದು ಹೇಳಿ, ನಾವು ಅರ್ಥಮಾಡಿಕೊಳ್ಳುತ್ತೇವೆ. ಓದುಗರಲ್ಲಿ ಯಾರಾದರೂ ಈ ಚಿಕಿತ್ಸೆಯ ನಡುವೆ ಇದ್ದರೆ, ಮುಂದಿನ ಸಲ ಹೋದಾಗ ಆ ಕಾರ್ಡನ್ನು ಕೇಳಿ ಪಡೆಯಿರಿ. ಅದರ ಫೋಟೋ ತೆಗೆದು ನಿಮ್ಮ ಮೊಬೈಲಿನಲ್ಲಿ ಒಂದು, ಮಕ್ಕಳ ಮೊಬೈಲಿನಲ್ಲಿ ಒಂದು ಇಟ್ಟುಕೊಳ್ಳಿ.